ಒಂದು ತಟ್ಟೆ, ಎರಡು ಪಕ್ಷ: ಕುಮಾರ ಗಂಧರ್ವರು ಕಂಡ ಬಾಲಗಂಧರ್ವ

ಬೆಳಗಾವಿ, ಹುಬ್ಬಳ್ಳಿಗಳಿಂದ ರಾತ್ರಿ ಹೊರಟ ಬಸ್ಸು ಸಾತಾರೆಯನ್ನು ದಾಟಿ, ಖಂಬಾಟಕಿ ಘಾಟವನ್ನು ಹತ್ತಿಳಿದು, ಬೆಳಗಿನ ಜಾವಕ್ಕೆ ನಮ್ಮನ್ನು ತಂದಿಳಿಸುವ ಸ್ಥಳ ಕಾತ್ರಜ. ಪುಣೆಗೆ ಬಂದ ಎಷ್ಟೋ ಕನ್ನಡ ಮನೆತನಗಳು ತಮ್ಮ ಮೊದಲ ಟ್ರಂಕನ್ನು ಇಳಿಸಿದ್ದು ಇಲ್ಲಿಯೇ. ಕೆಲವರು ಇಲ್ಲಿಂದ ಮುಂದೆ ಹೋಗಲೇ ಇಲ್ಲ. 18ನೆಯ ಶತಮಾನದಲ್ಲಿ ಪೇಶ್ವೆ ನಾನಾಸಾಹೇಬರು ಇಲ್ಲಿಯ ಕೆರೆಯ ನೀರನ್ನು ನೆಲದೊಳಗಿನ ಕಾಲುವೆಯಿಂದ ಶನಿವಾರವಾಡೆಯವರೆಗೆ ಒಯ್ದರು. ಪುಣೆಗೆ ನೀರು ಕೊಟ್ಟ ಊರಿನಲ್ಲಿ ನಮ್ಮ ಕನ್ನಡವೂ ಒಂದಿಷ್ಟು ನಿಂತಿದೆ ಎಂದು ನಾವು ಆಗಾಗ ಅಭಿಮಾನದಿಂದ ಹೇಳಿಕೊಳ್ಳುವುದುಂಟು.

ಈಚೆಗೆ ನಮ್ಮ ಬಳಗದ ತಿಂಗಳ ಕೂಟ ಇಲ್ಲಿಯ ಒಂದು ಮನೆಯಲ್ಲಿ ಸೇರಿತ್ತು. ಮನೆಯವರ ಮಗ ಅಜ್ಜನ ಕಾಲದ ರೆಕಾರ್ಡ್ ಪ್ಲೇಯರನ್ನು ರಿಪೇರಿ ಮಾಡಿಸಿಟ್ಟಿದ್ದ. ಅವಲಕ್ಕಿ, ಚಹಾ ಮುಗಿದ ಮೇಲೆ ಒಂದು ತಟ್ಟೆಯನ್ನು ಹಚ್ಚಿದ. ಅದು ಕುಮಾರ ಗಂಧರ್ವರ ‘ಮಲಾ ಉಮಜಲೇಲೆ ಬಾಲಗಂಧರ್ವ’. ಎರಡನೆಯ ಹಾಡು ಮುಗಿಯುವುದರೊಳಗೆ ಧಾರವಾಡದ ಕಡೆಯ ಹಿರಿಯ ಕಾಕಾ ಒಬ್ಬರು ಕೈಯೆತ್ತಿ, “ನಿಲ್ಲಸಪಾ ಅದನ್ನ. ಇದು ಬಾಲಗಂಧರ್ವರ ಹಾಡು ಅಲ್ಲ,” ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕೂ ಒಬ್ಬರು ಕೂಡಲೇ, “ಅಲ್ಲಂತ ಅವರ ಹೇಳ್ಯಾರಲ್ರೀ ಕಾಕಾ, ಮ್ಯಾಲಿನ ಹೆಸರು ಓದ್ರಿ,” ಎಂದರು. ಅಲ್ಲಿಂದ ಮೊದಲಾದ ವಾದ ರಾತ್ರಿ ಊಟದವರೆಗೆ ನಡೆಯಿತು.

ಇದು ನಮ್ಮ ಕೂಟದಲ್ಲಿ ಹುಟ್ಟಿದ ವಾದವಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಪುಣೆ, ಮುಂಬಯಿಗಳ ರಸಿಕರನ್ನು ಎರಡು ಪಕ್ಷ ಮಾಡಿದ ವಾದ. ಇದರಲ್ಲಿ ನಮಗೂ ಒಂದು ಪಾಲಿದೆಯಾದ್ದರಿಂದ ಅದರ ಕಥೆಯನ್ನು ಇಲ್ಲಿ ಬರೆಯಲು ಹೊರಟಿದ್ದೇವೆ.

ಬಾಲಗಂಧರ್ವರೆಂದರೆ ನಾರಾಯಣ ಶ್ರೀಪಾದ ರಾಜಹಂಸ. 1888ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡರು. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ, 1913ರಲ್ಲಿ ಸಂಗಡಿಗರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ‘ಮಾನಾಪಮಾನ’ದ ಭಾಮಿನಿ, ‘ಸ್ವಯಂವರ’ದ ರುಕ್ಮಿಣಿ, ‘ಏಕಚ್ ಪ್ಯಾಲಾ’ದ ಸಿಂಧು ಆಗಿ ಅವರು ರಂಗಕ್ಕೆ ಬಂದರೆ, ಅವರು ಉಟ್ಟ ಸೀರೆಯ ರೀತಿಯನ್ನೇ ಮನೆಯ ಹೆಂಗಸರು ಅನುಸರಿಸುತ್ತಿದ್ದರು. ‘ಸ್ವಯಂವರ’ಕ್ಕೆ ಸಂಗೀತ ಕೊಟ್ಟವರು ಭಾಸ್ಕರಬುವಾ ಬಖಲೆಯವರು, ಮಂಡಳಿಯಲ್ಲಿ ತಬಲಾ ನುಡಿಸಿದವರು ಉಸ್ತಾದ ಅಹಮದಜಾನ್ ಥಿರಕವಾ ಅವರು. ಮಹಾರಾಷ್ಟ್ರದ ಮಂದಿಗೆ ಬಾಲಗಂಧರ್ವರು ಒಬ್ಬ ನಟರಷ್ಟೇ ಆಗಿರಲಿಲ್ಲ, ಮನೆಯ ದೇವರಕೋಣೆಗೆ ಸೇರಿದ ಒಂದು ದನಿಯಾಗಿದ್ದರು.

ಆ ದನಿಯ ಹಿಂದೆ ಕನ್ನಡದ ನೆಲವೂ ಇದೆಯೆಂಬುದನ್ನು ನೆನೆಯುವುದು ಇಲ್ಲಿ ಅಪ್ರಸ್ತುತವಾಗಲಾರದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದ್ದರಿಂದ ಮರಾಠಿ ರಂಗಭೂಮಿಯ ಇತಿಹಾಸ ಆರಂಭವಾಗುತ್ತದೆ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕಡೆಯಿಂದ ಸಾಂಗಲಿಗೆ ಬಂದ ಭಾಗವತ ಮೇಳದ ಆಟ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು ಅವರೇ. ಹೀಗೆ ಈ ಗಡಿಯಲ್ಲಿ ಕೊಡುಕೊಳ್ಳುವಿಕೆ ಹಳೆಯದು. ಯಾರು ಯಾರಿಗೆ ಎಷ್ಟು ಸಾಲ ಕೊಟ್ಟರೆಂದು ಲೆಕ್ಕ ಹಿಡಿಯುವುದು ಕಷ್ಟ.

ಇನ್ನು ಕುಮಾರ ಗಂಧರ್ವರು. ಅವರ ಮೂಲ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಳಿ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಕನ್ನಡದ ಕೂಸು. ಹುಡುಗ ಮೊದಲು ಹೆಸರಾದದ್ದು ಅನುಕರಣೆಯಿಂದ. ದೊಡ್ಡ ಉಸ್ತಾದರ, ಬುವಾಗಳ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಒಂದು ಹರಕತ್ತು ಕೂಡ ತಪ್ಪದಂತೆ ಹಾಗೆಯೇ ಹಾಡಿಬಿಡುತ್ತಿದ್ದ. ಎಳೆಯ ವಯಸ್ಸಿನಲ್ಲಿಯೇ ‘ಕುಮಾರ ಗಂಧರ್ವ’ ಎಂಬ ಬಿರುದು ಬಂತು. 11-12ರ ಪ್ರಾಯದಲ್ಲಿ ಮುಂಬಯಿಗೆ ಹೋಗಿ ಪ್ರೊ. ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿಯತೊಡಗಿದ. ದೇವಧರರು ಒಂದೇ ಘರಾಣೆಗೆ ಕಟ್ಟುಬೀಳದೆ ಎಲ್ಲರ ಒಳ್ಳೆಯದನ್ನೂ ಕೂಡಿಹಾಕಿದ ಗುರುಗಳು.

1947ರ ಸುಮಾರಿಗೆ ಕ್ಷಯರೋಗ ಹಿಡಿಯಿತು. ಒಣ ಹವೆ ಬೇಕೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಕೆಲವು ವರ್ಷ ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಹಾಸಿಗೆಯಲ್ಲಿ ಮಲಗಿ, ಕಿಟಕಿಯಾಚೆ ಹೆಂಗಸರು ಹಾಡುವ ಮಾಳವದ ಹಾಡುಗಳನ್ನು, ಬೈರಾಗಿಗಳ ಕಬೀರನ ಪದಗಳನ್ನು ಕೇಳುತ್ತ ಕಾಲ ಕಳೆದರು. ಸ್ಟ್ರೆಪ್ಟೊಮೈಸಿನ್ ಔಷಧ ಆಗಷ್ಟೇ ಬಂದಿದ್ದರಿಂದ ಜೀವ ಉಳಿಯಿತು, ಆದರೆ ಒಂದು ಶ್ವಾಸಕೋಶ ಕೆಟ್ಟಿತ್ತು. 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆಗೆ ಬಂದಾಗ, ಅಚ್ಚೊತ್ತಿದಂತೆ ಇತರರನ್ನು ಹಾಡುತ್ತಿದ್ದ ಆ ಹುಡುಗ ಕಾಣಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳು, ನಡುವೆ ಮೌನ, ಒಮ್ಮೆಲೇ ಚಿಮ್ಮುವ ಸ್ವರ, ಅಷ್ಟೇ ಬೇಗ ಪಿಸುಮಾತು. ಜಾನಪದ ಧಾಟಿಗಳಿಂದ ಹೊಸ ರಾಗಗಳು ಹುಟ್ಟಿದವು; 1965ರಲ್ಲಿ ಅವರ ‘ಅನೂಪರಾಗವಿಲಾಸ’ ಪ್ರಕಟವಾಯಿತು.

ಅವರು ಮಾಡಿದ ಇನ್ನೊಂದು ಹೊಸ ಕೆಲಸವೆಂದರೆ ಒಂದೇ ವಿಚಾರದ ಸುತ್ತ ಇಡಿಯ ಕಾರ್ಯಕ್ರಮವನ್ನು ಕಟ್ಟಿದ್ದು. ಮಳೆಗಾಲಕ್ಕೆ ‘ಗೀತವರ್ಷಾ’, ಕಬೀರ-ಸೂರ-ಮೀರಾ ಸೇರಿ ‘ತ್ರಿವೇಣಿ’, ಕವಿ ಭಾ. ರಾ. ತಾಂಬೆಯವರ ಪದ್ಯಗಳಿಗೆ ‘ತಾಂಬೇ ಗೀತರಜನಿ’. ಸಂಜೆಯ ರಾಗದಿಂದ ಭೈರವಿಯವರೆಗೆ ಸಿಕ್ಕಿದ್ದನ್ನು ಹಾಡಿ ಮುಗಿಸುವ ಕಛೇರಿಗೆ ಒಗ್ಗಿದ ಕಿವಿಗಳಿಗೆ ಇದು ಹೊಸತು. ಈ ಸಾಲಿನಲ್ಲಿಯೇ ಬಂದದ್ದು ‘ಮಲಾ ಉಮಜಲೇಲೆ ಬಾಲಗಂಧರ್ವ’. ಕನ್ನಡದಲ್ಲಿ ಹೇಳುವುದಾದರೆ ‘ನನಗೆ ತಿಳಿದ ಬಾಲಗಂಧರ್ವ’. ಮುಂದೆ ಅದು ಎಲ್.ಪಿ. ತಟ್ಟೆಯಾಗಿ ಮನೆಮನೆ ಸೇರಿತು.

ಇಲ್ಲಿಯೇ ರಸಿಕರಲ್ಲಿ ಒಡಕು ಬಿತ್ತು. ಒಂದು ಪಕ್ಷದವರ ಮಾತು ಹೀಗೆ: ಬಾಲಗಂಧರ್ವರ ಹಾಡೆಂದರೆ ಎಣ್ಣೆಯ ಧಾರೆ, ಎಲ್ಲಿಯೂ ಕಡಿಯದು. ಒಂದೊಂದು ಶಬ್ದವನ್ನೂ ಅಕ್ಕರೆಯಿಂದ ನೇವರಿಸಿ ಮುಂದೆ ಕಳಿಸುವರು. ಆರ್ಗನ್, ಸಾರಂಗಿಗಳು ಬೆನ್ನಿಗೆ ನಿಂತು ದನಿಯನ್ನು ತುಂಬುತ್ತಿದ್ದವು. ಅದನ್ನು ತುಂಡು ತುಂಡು ಮಾಡಿ, ರುಕ್ಮಿಣಿಯ ಲಜ್ಜೆಯನ್ನೂ ಸಿಂಧುವಿನ ದುಃಖವನ್ನೂ ಬಿಟ್ಟು, ಬರಿಯ ಸ್ವರದ ಎಲುಬನ್ನು ತೋರಿಸಿದರೆ ನಾಟ್ಯಗೀತೆಯಲ್ಲಿ ಉಳಿಯುವುದೇನು? ತಾಯಿಯ ಭಾವಚಿತ್ರವನ್ನು ಹೊಸ ಬಗೆಯಲ್ಲಿ ಬರೆದು ತಂದರೆ ಮಗನಿಗೆ ಬೇಕಾದ ತಾಯಿ ಅದರಲ್ಲಿ ಸಿಗುವಳೇ?

ಇನ್ನೊಂದು ಪಕ್ಷದವರು ಹೇಳುವರು: ಬಾಲಗಂಧರ್ವರನ್ನು ಹಾಗೆಯೇ ಹಾಡುವವರು ಊರಿಗೆ ಹತ್ತು ಮಂದಿ ಇದ್ದರು, ಕೇಳಿದಾಗಲೆಲ್ಲ ಮೂಲದ ನೆನಪಾಗಿ ನಕಲು ಸಪ್ಪಗಾಗುತ್ತಿತ್ತು. ಕುಮಾರರು ಆ ಚೆಲುವಿನ ಹಿಂದಿನ ಬುದ್ಧಿಯನ್ನು, ಸ್ವರ ಹಚ್ಚುವ ಆ ಜಾಗವನ್ನು ಬೊಟ್ಟುಮಾಡಿ ತೋರಿಸಿದರು. ಅನುಕರಣೆಯಲ್ಲಿ ಬಾಲ್ಯದಲ್ಲಿಯೇ ಗೆದ್ದ ಮನುಷ್ಯ ಅದನ್ನು ಬೇಕೆಂದೇ ಬಿಟ್ಟರೆಂದರೆ ಅದಕ್ಕೆ ಅರ್ಥವಿರಬೇಕು.

ಈ ವಾದ ಒಂದು ತಟ್ಟೆಗೆ ಮುಗಿಯುವಂಥದಾಗಿರಲಿಲ್ಲ. ವಿಲಂಬಿತದ ನಿಧಾನ ಬೆಳವಣಿಗೆ ಅವರಲ್ಲಿ ಇಲ್ಲ, ಘರಾಣೆಯ ಶಿಸ್ತಿಲ್ಲ ಎಂಬ ಆಕ್ಷೇಪ ಆಗಲೇ ಇತ್ತು. ವಾಮನರಾವ ದೇಶಪಾಂಡೆಯವರ ‘ಘರಂದಾಜ ಗಾಯಕಿ’ 1961ರಲ್ಲಿ ಬಂದಮೇಲೆ ಘರಾಣೆಯೆಂದರೇನು ಎಂಬ ಚರ್ಚೆ ಇನ್ನಷ್ಟು ಬಿಸಿಯಾಗಿದ್ದ ಕಾಲ ಅದು.

ನಮಗೆ ಇಲ್ಲಿ ಒಂದು ಸಂದೇಹ. ‘ಮೂಲ’ ಎಂದು ನಾವು ಹೇಳುವುದು ಯಾವುದನ್ನು? ಬಾಲಗಂಧರ್ವರ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತಿನದು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ರಂಗದ ಮೇಲೆ ಅದೇ ಹಾಡಿಗೆ ‘ವನ್ಸ್ ಮೋರ್’ ಬಿದ್ದಂತೆಲ್ಲ ಅವರು ಮತ್ತೆ ಮತ್ತೆ ಹಾಡುತ್ತಿದ್ದರು, ಪ್ರತಿ ಸಲವೂ ಬೇರೆಯಾಗಿ. ನಾಟಕ ಮುಗಿಯುವಾಗ ನಸುಕಾಗುತ್ತಿತ್ತು. ತಟ್ಟೆಯನ್ನು ಕೇಳಿ ಬೆಳೆದವರ ಬಾಲಗಂಧರ್ವ ಮೂರು ನಿಮಿಷದವರು. ಥಿಯೇಟರಿನಲ್ಲಿ ಕೂತು ಕೇಳಿದವರ ಬಾಲಗಂಧರ್ವ ಇಡೀ ರಾತ್ರಿಯವರು. ನಮ್ಮ ಕಾಕಾ ಅವರ ತಂದೆ ಎರಡನೆಯದನ್ನು ಕೇಳಿದವರು. ಕಾಕಾ ಕೇಳಿದ್ದು ಮೊದಲನೆಯದು ಮತ್ತು ತಂದೆಯ ಮಾತು. 33⅓ ಸುತ್ತಿನ ಎಲ್.ಪಿ. ತಟ್ಟೆ 1948ರಲ್ಲಿ ಅಮೆರಿಕದಲ್ಲಿ ಹೊರಟು, ಒಂದು ಬದಿಗೆ 20 ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಮೇಲೆಯೇ, ಕಲಾವಿದರು ಒಂದು ವಿಚಾರವನ್ನು ತಟ್ಟೆಯ ತುಂಬ ಹರಡುವುದು ಸಾಧ್ಯವಾಯಿತು.

ಈ ಮಾತು ಬಂದಾಗ ಮನೆಯವರ ಮಗ ನಕ್ಕು, “ನಮ್ಮ ಪೈಕಿನೂ ಹಿಂಗ ಜಗಳ ಅದ ಕಾಕಾ,” ಎಂದು ಇಂಗ್ಲೆಂಡಿನ ಒಂದು ಕಥೆ ಹೇಳಿದ. ಅಲ್ಲಿಯ ‘ಯೆಸ್’ ಎಂಬ ಪ್ರೊಗ್ರೆಸಿವ್ ರಾಕ್ ತಂಡದ ಗಾಯಕ ಜಾನ್ ಆಂಡರ್ಸನ್, 1973ರಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯನ್ನು ಓದಿದರಂತೆ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ಮಾತು ಅದರಲ್ಲಿತ್ತು. ಅಷ್ಟನ್ನೇ ಹಿಡಿದು ಎರಡು ತಟ್ಟೆಗಳ, ನಾಲ್ಕು ಬದಿಗೆ ನಾಲ್ಕೇ ಹಾಡುಗಳ, 80 ನಿಮಿಷ ದಾಟುವ ‘ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಶನ್ಸ್’ ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂತು. ಮಾರಾಟದಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಇದು ಶಿಖರವೆಂದು ಕೆಲವರು, ಬರಿಯ ಜಗ್ಗಾಟವೆಂದು ಕೆಲವರು ಇಂದಿಗೂ ವಾದಿಸುತ್ತಾರೆ. ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್ನರಿಗೇ ಅದು ಹಿಡಿಸಲಿಲ್ಲ. ಮ್ಯಾಂಚೆಸ್ಟರಿನ ಕಾರ್ಯಕ್ರಮದ ನಡುವೆ ವೇದಿಕೆಯ ಮೇಲೆಯೇ ಕರಿ ತರಿಸಿ ಉಂಡರಂತೆ; 1974ರಲ್ಲಿ ತಂಡವನ್ನೇ ಬಿಟ್ಟು, ಕೆಲವು ವರ್ಷದ ಮೇಲೆ ಮರಳಿ ಸೇರಿದರು.

ಕಥೆ ಕೇಳಿ ಕಾಕಾ ಅವರೂ ನಕ್ಕರು. ಆದರೆ ಒಂದು ವ್ಯತ್ಯಾಸವಿದೆ. ‘ಯೆಸ್’ ತಂಡದವರು ಕಟ್ಟಿದ್ದು ತಮ್ಮ ಸ್ವಂತ ಮನೆ. ಕೆಟ್ಟರೆ ಅವರದೇ ನಷ್ಟ. ಕುಮಾರರು ಕೈಹಾಕಿದ್ದು ಇನ್ನೊಬ್ಬರ ಪಿತ್ರಾರ್ಜಿತಕ್ಕೆ. ಅದೂ ಕನ್ನಡ ಮನೆಮಾತಿನವರು, ಮಾಳವದ ನಿವಾಸಿ, ಮರಾಠಿಗರ ಅತ್ಯಂತ ಪ್ರೀತಿಯ ದನಿಯನ್ನು ಅವರೆದುರಿಗೇ ಹಾಡಿದ್ದು. ಇಂಥಲ್ಲಿ ‘ನನಗೆ ತಿಳಿದ’ ಎಂಬ ಎರಡು ಶಬ್ದಗಳಲ್ಲಿ ಎಷ್ಟು ವಿನಯವಿದೆಯೋ ಅಷ್ಟೇ ಧೈರ್ಯವೂ ಇದೆ. ಇದೇ ಬಾಲಗಂಧರ್ವ ಎಂದು ಅವರು ಹೇಳಲಿಲ್ಲ. ನನಗೆ ತಿಳಿಯುವ ಹಕ್ಕಿಲ್ಲ ಎಂದೂ ಒಪ್ಪಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಎರಡು ಶಬ್ದಗಳು ಬೇಕಾಗುತ್ತವೆ. ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವದಲ್ಲಿ ಕಾತ್ರಜದಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹುಡುಗಿ ಒಂದು ವಚನವನ್ನು ಅಭಂಗದ ಧಾಟಿಯಲ್ಲಿ ಹಾಡಿದಳು. ಹಾಡು ಮುಗಿದ ಕೂಡಲೇ ನಮ್ಮಲ್ಲಿ ಕೆಲವರು, ಅವಳು ವೇದಿಕೆಯಿಂದ ಇಳಿಯುವ ಮೊದಲೇ, “ಇದು ನಮ್ಮ ಪದ್ಧತಿ ಅಲ್ಲ, ಉಚ್ಚಾರನೂ ಮರಾಠಿ ಆಗ್ಯದ,” ಎಂದುಬಿಟ್ಟೆವು. ಮರುವರ್ಷ ಅವಳು ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ನಮ್ಮ ತಿದ್ದುಪಡಿ ಸರಿಯಿದ್ದಿರಬಹುದು, ಆದರೆ ಒಂದು ಕನ್ನಡದ ಕೊರಳು ಮೌನವಾಯಿತು.

ಹಾಗೆಂದು ಕಾಕಾ ಅವರ ಪಕ್ಷವನ್ನು ನಾವು ಹಗುರಾಗಿ ಕಾಣುವುದಿಲ್ಲ. ಮೂಲವನ್ನು ತಪ್ಪಿಲ್ಲದೆ ಕಾಯ್ದಿಟ್ಟವರು ಇರದಿದ್ದರೆ ಕುಮಾರರಿಗೆ ತಿಳಿದುಕೊಳ್ಳಲು ಬಾಲಗಂಧರ್ವರೇ ಸಿಗುತ್ತಿರಲಿಲ್ಲ. ಸುಳೇಭಾವಿಯ ಹುಡುಗನೂ ಮೊದಲು ನೂರು ತಟ್ಟೆಗಳನ್ನು ಹಾಗೆಯೇ ಹಾಡಿ, ಆಮೇಲೆ ತನ್ನ ದಾರಿ ಹಿಡಿದ. ಮಕ್ಕಳಿಗೆ ವಚನವನ್ನೂ ದಾಸರ ಪದವನ್ನೂ ಸ್ವಚ್ಛವಾಗಿ ಕಲಿಸುವ ಹಿರಿಯರು ಬೇಕು. ಕಲಿತ ಮೇಲೆ ‘ನನಗೆ ತಿಳಿದಂತೆ’ ಎಂದು ಹಾಡುವ ಮಗುವನ್ನು ಕೂತು ಕೇಳುವ ತಾಳ್ಮೆಯೂ ಆ ಹಿರಿಯರಿಗೆ ಬೇಕು. ಮೆಚ್ಚಲೇಬೇಕೆಂದು ಯಾರೂ ಕೇಳುತ್ತಿಲ್ಲ.

ಕುಮಾರ ಗಂಧರ್ವರು 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು. ಅವರ ನೂರರ ವರ್ಷವೂ 2024ರಲ್ಲಿ ಬಂದು ಹೋಯಿತು. ಪುಣೆಯಲ್ಲಿ 1968ರಿಂದ ನಿಂತಿರುವ ಬಾಲಗಂಧರ್ವ ರಂಗಮಂದಿರದ ಮುಂದೆ ಹಾಯುವಾಗ ನಮ್ಮವರು ಇನ್ನೂ ಈ ವಾದವನ್ನು ತೆಗೆಯುತ್ತಾರೆ.

ಆ ರಾತ್ರಿ ಊಟವಾದ ಮೇಲೆ ಕಾಕಾ, “ಇನ್ನೊಂದು ಬದಿ ಹಚ್ಚಪಾ, ಪೂರಾ ಕೇಳೇ ಬಿಡೋಣು,” ಎಂದರು. ಪೂರ್ತಿ ಕೇಳಿದರು. “ನನಗ ಈಗೂ ಸೇರಲಿಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮರುದಿನ ಅದೇ ಕಾಕಾ ಆ ಹುಡುಗಿಯ ಮನೆಗೆ ಹೋಗಿ, ಮುಂದಿನ ಕೂಟಕ್ಕೆ ಬಂದು ಹಾಡಬೇಕೆಂದು ಹೇಳಿ ಬಂದಿದ್ದಾರೆ. ನೋಡುತ್ತೇನೆ ಎಂದಳಂತೆ. ಬಂದರೆ ಎಲ್ಲರೂ ಬನ್ನಿರಿ. ಹಾಡು ಮುಗಿಯುವವರೆಗೆ ಯಾರೂ ಮಾತಾಡಬಾರದೆಂದು ನಾವು ನಾವೇ ಕಟ್ಟಳೆ ಮಾಡಿಕೊಂಡಿದ್ದೇವೆ.