ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಕ್ರೋಧ ಮತ್ತು ಶೋಕ

ಅತಿಮಾನುಷ ನಾಯಕರ ಚಿತ್ರಕಥೆಗಳಲ್ಲಿ ಆಪ್ತರ ಸಾವಿನ ದುಃಖವೂ ಅದರಿಂದ ಹುಟ್ಟುವ ಸಿಟ್ಟೂ ಕಥೆಯನ್ನು ನಡೆಸುವ ಮೂಲಭಾವಗಳು. ಭರತನ ನಾಟ್ಯಶಾಸ್ತ್ರ ಕ್ರೋಧವನ್ನು ರೌದ್ರರಸದ, ಶೋಕವನ್ನು ಕರುಣರಸದ ಸ್ಥಾಯಿಭಾವವೆನ್ನುತ್ತದೆ. ಸೂಪರ್‌ಹೀರೋ ಪ್ರಕಾರದಲ್ಲಿ ಈ ಎರಡೂ ಒಂದೇ ಪಾತ್ರದಲ್ಲಿ ನೆಲೆಸುತ್ತವೆ. 1936ರ ಫ್ಯಾಂಟಮ್‌ನ ವಂಶ ಶುರುವಾಗುವುದು ತಂದೆಯ ಕೊಲೆಗಾರನ ತಲೆಬುರುಡೆ ಮುಟ್ಟಿ ಮಾಡಿದ ಪ್ರತಿಜ್ಞೆಯಿಂದ. ಇಂದ್ರಜಾಲ ಕಾಮಿಕ್ಸ್ ಈತನನ್ನು ಕನ್ನಡಕ್ಕೂ ತಂದಿತು. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ನ ಮೂಲಕಥೆಯಲ್ಲಿ ಸಿನಿಮಾ ನೋಡಿ ಮರಳುವಾಗ ತಂದೆ ತಾಯಿಯನ್ನು ಕಳೆದುಕೊಂಡ ಬಾಲಕ, ಮೇಣದ ಬತ್ತಿಯ ಬೆಳಕಿನಲ್ಲಿ ಮಂಡಿಯೂರಿ ಅಪರಾಧದ ವಿರುದ್ಧ ಶಪಥ ಮಾಡುತ್ತಾನೆ. 1962ರಲ್ಲಿ ಹಲ್ಕ್ ಮತ್ತು ಸ್ಪೈಡರ್‌ಮ್ಯಾನ್ ಬಂದರು. ಹಲ್ಕ್‌ನ ಬಲ ಸಿಟ್ಟಿನೊಂದಿಗೇ ಏರುವಂಥದ್ದು. ಸ್ಪೈಡರ್‌ಮ್ಯಾನ್‌ಗೆ ತಾನು ತಡೆಯದೆ ಬಿಟ್ಟ ಕಳ್ಳನೇ ಚಿಕ್ಕಪ್ಪನ ಕೊಲೆಗಾರನೆಂದು ತಿಳಿದಾಗ ಅವನ ಕೋಪ ಅಪರಾಧಪ್ರಜ್ಞೆಗೆ ತಿರುಗುತ್ತದೆ. ಪ್ರಕಾರಕ್ಕೆ ನೈತಿಕ ಆಳ ತಂದುಕೊಟ್ಟದ್ದು ಈ ತಿರುವೇ. 1973ರಲ್ಲಿ ಅವನ ಪ್ರೇಯಸಿ ಗ್ವೆನ್ ಸ್ಟೇಸಿಯ ಸಾವು, ನಾಯಕನ ಪ್ರಯತ್ನವೂ ಸೋಲಬಹುದೆಂದು ತೋರಿಸಿತು. ಗೋಥಮ್ ಕಾಮಿಕ್ಸ್‌ನ ಭಾರತೀಯ ಸ್ಪೈಡರ್‌ಮ್ಯಾನ್ ಮಾಲಿಕೆಯಲ್ಲಿ (2004–05) ಧೋತಿಯುಟ್ಟ ನಾಯಕ ಪವಿತ್ರ ಪ್ರಭಾಕರ ದಾಳಿಗೊಳಗಾದ ಹೆಂಗಸಿನ ನೆರವಿಗೆ ಹೋಗುವುದಿಲ್ಲ. ಹೋದ ಚಿಕ್ಕಪ್ಪ ಭೀಮ್ ಸಾಯುತ್ತಾನೆ. ಈ ಮಾಲಿಕೆಯನ್ನು ಚಿತ್ರಿಸಿದವರು ಜೀವನ್ ಜೆ. ಕಾಂಗ್. ಬೆಂಗಳೂರಿನಲ್ಲಿ ಸ್ಟುಡಿಯೋ ಹೊಂದಿದ್ದ ವರ್ಜಿನ್ ಕಾಮಿಕ್ಸ್ 2006ರಲ್ಲಿ ‘ದಿ ಸಾಧು’ ಮಾಲಿಕೆ ಆರಂಭಿಸಿತು. ವಸಾಹತು ಕಾಲದ ಭಾರತಕ್ಕೆ ಬಂದ ಬ್ರಿಟಿಷ್ ಸೈನಿಕ ಜೇಮ್ಸ್ ಜೆನ್ಸನ್ ಇಲ್ಲಿ ಸೇಡು ಮತ್ತು ವೈರಾಗ್ಯದ ನಡುವೆ ಸಿಲುಕುತ್ತಾನೆ. ಸಿಟ್ಟನ್ನು ಬಲವೆಂದಲ್ಲ, ದಾಟಬೇಕಾದ ಬಂಧನವೆಂದು ಕಂಡದ್ದು ಇದರ ವೈಶಿಷ್ಟ್ಯ.