ಪಟ ನೋಡಿ ಪಟ ಕಟ್ಟಿದವರು

ಆಷಾಢ ಬಂತೆಂದರೆ ನಮ್ಮ ಅಟ್ಟೂರಿನ ಕಡೆ ತಾರಸಿಗಳ ಮೇಲೆ ಗಾಳಿಪಟದ ಹಬ್ಬ. ಇಲ್ಲಿ ಮಕ್ಕಳಿಗೆ ಖುಷಿ ಕೊಡೋ ಇದೇ ಪಡುವಣ ಗಾಳಿ ಕರಾವಳಿಯಲ್ಲಿ ದೋಣಿಗಳನ್ನು ದಡಕ್ಕೆ ಹತ್ತಿಸಿ ಕೂರಿಸುತ್ತೆ. ಆಮೇಲೆ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡ್ತಾರೆ. ಎಂಜಿನ್ ಇಲ್ಲದ ಕಾಲದಲ್ಲಿ ಯಾವಾಗ ಹೊರಡಬೇಕು ಅನ್ನೋದನ್ನಷ್ಟೇ ಅಲ್ಲ, ಎಂಥ ಹಾಯಿ ಕಟ್ಟಬೇಕು ಅನ್ನೋದನ್ನೂ ಗಾಳಿಯೇ ಹೇಳ್ತಿತ್ತು.

ಆ ಹಳೇ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ಎದ್ದಿದೆ. 2025ರ ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹಡಗು ನೌಕಾಪಡೆ ಸೇರಿತು. ಉದ್ದ 20 ಮೀಟರಿಗೂ ಚೂರು ಕಮ್ಮಿ. ಹಲಗೆಗಳನ್ನು ಜೋಡಿಸಿದ್ದು ಮೊಳೆಯಿಂದಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದು. ಎಂಜಿನ್ ಇಲ್ಲ. ಮಾದರಿ ಯಾವುದು ಗೊತ್ತೇ? ಐದನೇ ಶತಮಾನದ ಅಜಂತಾ ಚಿತ್ರ. ಕನ್ನಡದಲ್ಲಿ ಚಿತ್ರವೂ ಪಟ, ಹಾಯಿಯೂ ಪಟ ಅಲ್ಲವೇ? ಇಲ್ಲಿ ಅಕ್ಷರಶಃ ಪಟ ನೋಡಿ ಪಟ ಕಟ್ಟಿದರು.

ಆ ಚಿತ್ರದಲ್ಲಿ ಮೂರು ಕಂಬ, ಎತ್ತರದ ಆಯತಾಕಾರದ ಹಾಯಿಗಳು ಇವೆ. ಹಾಗಾಗಿ ಕೌಂಡಿನ್ಯಕ್ಕೂ ಚೌಕದ ಹಾಯಿಯನ್ನೇ ಆರಿಸಿದರು. ಅದರ ಮೇಲೆ ಸೂರ್ಯ ಮತ್ತು ನಮಗೆ ಚಿರಪರಿಚಿತವಾದ ಗಂಡಭೇರುಂಡ.

ಆದರೆ ನಮ್ಮ ಕರಾವಳಿಯ ಹಿರಿಯರ ನೆನಪಲ್ಲಿರೋ ಹಾಯಿ ಇದಲ್ಲ. ಮಚವೆ, ಪತ್ತೆಮಾರಿಗಳ ಕಂಬ ಮುಂದಕ್ಕೆ ಬಾಗಿರುತ್ತಿತ್ತು. ಅದಕ್ಕೆ ಓರೆಯಾಗಿ ಒಂದು ಉದ್ದನೆಯ ಮರ ಏರಿಸಿ, ಹೆಚ್ಚುಕಮ್ಮಿ ತ್ರಿಕೋನದ ಹಾಯಿ ಕಟ್ಟುತ್ತಿದ್ದರು. ಎರಡರಲ್ಲಿ ಯಾವುದು ಮೇಲು?

ಹಾಗೆ ಕೇಳೋದೇ ಸರಿಯಲ್ಲ. ಚೌಕದ ಹಾಯಿಗೆ ಗಾಳಿ ಹಿಂದಿನಿಂದ ಬರಬೇಕು. ಬಂದರೆ ನಿರಾಳ, ಹಡಗು ನೆಟ್ಟಗೆ ಓಡುತ್ತೆ. ಗಾಳಿ ಎದುರಿಂದ ಬೀಸಿದರೆ ಕಷ್ಟ. ಓರೆ ಹಾಯಿ ಪಕ್ಕದ ಗಾಳಿಯನ್ನೂ ಚೆನ್ನಾಗಿ ಹಿಡಿಯುತ್ತೆ, ಗಾಳಿಯ ಕಡೆಗೇ ಸ್ವಲ್ಪ ಓರೆಯಾಗಿ ಸಾಗೋಕೂ ಬಿಡುತ್ತೆ. ಅದರ ಬೆಲೆ ಬೇರೆ: ಹಾಯಿಯ ಬದಿ ಬದಲಿಸಬೇಕಾದಾಗಲೆಲ್ಲ ಆ ಉದ್ದ ಮರವನ್ನು ನೆಟ್ಟಗೆ ನಿಲ್ಲಿಸಿ ಕಂಬದ ಆಚೆಗೆ ದಾಟಿಸಬೇಕು. ಗಾಳಿ ಜೋರಿದ್ದರೆ ಜೀವ ಕೈಯಲ್ಲಿ ಹಿಡಿದು ಮಾಡೋ ಕೆಲಸ, ಜನವೂ ಬೇಕು. ಒಂದು ಹಾಯಿ ತಾಳ್ಮೆ ಕೇಳುತ್ತೆ, ಇನ್ನೊಂದು ಕೈಗಳನ್ನು ಕೇಳುತ್ತೆ.

ಒಮಾನಿನವರು ಎರಡನ್ನೂ ನೋಡಿದ್ದಾರೆ. 1980ರಲ್ಲಿ ಟಿಮ್ ಸೆವೆರಿನ್ ಅಲ್ಲಿ ಕಟ್ಟಿಸಿದ ‘ಸೋಹಾರ್’ ಓರೆ ಹಾಯಿಯಲ್ಲಿ ಹೊರಟು ಮರುವರ್ಷ ಚೀನಾ ಮುಟ್ಟಿತು. ಅದಕ್ಕೆ ಹೊಲಿಗೆ ಹಾಕಲು ಹೋದವರಲ್ಲಿ ಲಕ್ಷದ್ವೀಪದವರಿದ್ದರು. 2010ರಲ್ಲಿ ‘ಜ್ಯುವೆಲ್ ಆಫ್ ಮಸ್ಕತ್’ ಸಿಂಗಾಪುರಕ್ಕೆ ಹೋದದ್ದು ಚೌಕದ ಹಾಯಿಯಲ್ಲಿ. ಅದರ ಮಾದರಿ ಇಂಡೋನೇಷ್ಯಾದ ಬೆಲಿಟುಂಗ್ ಬಳಿ ಮುಳುಗಿದ್ದ ಒಂಬತ್ತನೇ ಶತಮಾನದ ಹಡಗು. ಎರಡೂ ಗುರಿ ಮುಟ್ಟಿದವು, ಗಾಳಿಯ ಕಾಲ ನೋಡಿಕೊಂಡು.

ಕೌಂಡಿನ್ಯವೂ ಹಾಗೇ ಮಾಡಿತು. 2025ರ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು, ಜನವರಿ 14ಕ್ಕೆ ಮಸ್ಕತ್ ತಲುಪಿತು. ಡಿಸೆಂಬರಿನಲ್ಲಿ ಅರಬ್ಬಿ ಸಮುದ್ರದ ಮೇಲೆ ಈಶಾನ್ಯದ ಗಾಳಿ, ಪಡುವಲಿಗೆ ಹೋಗುವವರ ಬೆನ್ನಿಗೆ ಬೀಸುವಂಥದ್ದು. ಆಷಾಢದಲ್ಲಿ ಈ ಹಾಯಿ ಹಿಡಿದು ಆ ದಾರಿಗೆ ಹೊರಟಿದ್ದರೆ ಗಾಳಿ ಎದುರೇ ನಿಲ್ಲುತ್ತಿತ್ತು.

ಹಾಗಾಗಿ ಸಣ್ಣ ದೋಣಿಗೆ ಹಳೇ ಕಾಲದ ಹಾಯಿ ಕಟ್ಟಬೇಕು ಅಂತ ಯಾರಾದರೂ ಹೊರಟರೆ, ಮೊದಲು ಮೂರು ಪ್ರಶ್ನೆ: ಯಾವ ತಿಂಗಳು, ಯಾವ ದಿಕ್ಕು, ದೋಣಿಯಲ್ಲಿ ಎಷ್ಟು ಜನ? ಚೆಂದ ಯಾವುದು ಅನ್ನೋದು ಆಮೇಲೆ.

ನನಗೆ ಚಿಂತೆ ಬೇರೆಯದು. ಗೋಡೆ ಮೇಲಿನ ಪಟ ಸಾವಿರದೈನೂರು ವರ್ಷ ಉಳಿಯಿತು. ಓರೆ ಹಾಯಿಯ ಮರ ದಾಟಿಸೋ ವಿದ್ಯೆ ಉಳಿದದ್ದು ಕೈಗಳಲ್ಲಿ, ಅಪ್ಪನಿಂದ ಮಗನಿಗೆ. ಎಂಜಿನ್ ಬಂದ ಮೇಲೆ ಆ ಕೈಗಳಿಗೆ ಕೆಲಸವಿಲ್ಲ. ಅಜಂತಾದ ಹಾಯಿಯನ್ನು ಚಿತ್ರ ನೋಡಿ ಮತ್ತೆ ಕಟ್ಟಬಹುದು ಅಂತ ಗೊತ್ತಾಯಿತು. ನಮ್ಮ ಪತ್ತೆಮಾರಿಯ ಹಾಯಿ ಏರಿಸಿ ಗೊತ್ತಿರೋ ಅಜ್ಜಂದಿರು ಕರಾವಳಿಯಲ್ಲಿ ಇನ್ನೂ ಇದ್ದರೆ, ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಟ್ಟುಕೊಳ್ಳೋ ಕೆಲಸ ಈಗಲೇ ಆಗಬೇಕು.