ಊರು ಬದಲಿಸಿದ ಮನೆಗಳು

ಮಲೇಷ್ಯಾದ ಪುತ್ರಜಯಾ ನಗರದ ಕೆಲಸ ಶುರುವಾದದ್ದೇ 1995ರಲ್ಲಿ, ಅದೂ ತೋಟದ ನೆಲದಲ್ಲಿ. ಹಾಗಾಗಿ ಅಜ್ಜನ ಕಾಲದ ಮನೆ ನೋಡಬೇಕೆನ್ನುವ ಇಲ್ಲಿನ ಕನ್ನಡಿಗರು ಕ್ವಾಲಾಲಂಪುರಕ್ಕೆ ಹೋಗುತ್ತಾರೆ. ಅಲ್ಲಿ ಬಡಾನ್ ವಾರಿಸಾನ್ ಸಂಸ್ಥೆಯ ಆವರಣದಲ್ಲಿರುವ ಪೆಂಘುಲು ಅಬು ಸೆಮಾನರ ಮರದ ಮನೆ ಕೆಡಾ ರಾಜ್ಯದ ಹಳ್ಳಿಯೊಂದರದು. ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅದರ ಮುಂದೆ ನಿಂತ ಕರಾವಳಿಯವರಿಗೆ ಮಣಿಪಾಲ ನೆನಪಾಗಲೇಬೇಕು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದ ವಿಜಯನಾಥ ಶೆಣೈ ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದವರು. 1974ರ ಭೂಸುಧಾರಣೆಯ ನಂತರ ಗೇಣಿ ಅಕ್ಕಿಯ ಬಲದಲ್ಲಿ ನಿಂತಿದ್ದ ದೊಡ್ಡ ಮನೆಗಳು ಸೊರಗಿದವು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಕುಟುಂಬಗಳು ಪಾಲಾಗಿ, ಮಕ್ಕಳು ಮುಂಬಯಿ ಸೇರಿದ ಮೇಲೆ ಕೆತ್ತನೆಯ ಕಂಬ, ಮುಚ್ಚಿಗೆ, ಬಾಗಿಲುಗಳು ಸೌದೆಯ ಬೆಲೆಗೆ ಗುಜರಿ ಸೇರತೊಡಗಿದವು. ಶೆಣೈಯವರು ಅವನ್ನು ಕೊಂಡು ಮೊದಲು ತಮ್ಮದೇ ಮನೆ ಕಟ್ಟಿಕೊಂಡರು. ನೋಡಲು ಬರುವವರು ಹೆಚ್ಚಿದಾಗ ಆ ಮನೆಯನ್ನೇ ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟರು!

ಆಮೇಲೆ ಇಡೀ ಮನೆಗಳೇ ಬಂದವು: ಮಿಯಾರು ಮನೆ, 1816ರ ಕುಂಜೂರು ಚೌಕಿಮನೆ, ಹರ್ಕೂರಿನ ಮನೆ, ಬಯಲುಸೀಮೆಯಿಂದ ಕುಕನೂರಿನ ಕಮಲ ಮಹಲು. ಬಿಚ್ಚುವುದು ಸುಲಭ. ಅಳತೆ ತೆಗೆದು, ಗುರುತು ಹಾಕಿ, ಹುಳು ತಿಂದ ತೊಲೆಗೆ ಸರಿಹೊಂದುವ ಮರ ಹುಡುಕಿ ಮತ್ತೆ ಕೂಡಿಸುವುದಕ್ಕೆ ಹಳೆಯ ಕೆಲಸ ಬಲ್ಲ ಆಚಾರಿಗಳೇ ಬೇಕು. ಮನೆಯ ಜೊತೆಗೆ ಆ ಕೈಕೆಲಸವೂ ಉಳಿದದ್ದು ಹೀಗೆ.

ಬಾಸೆಲ್ ಮಿಷನಿನವರ ಮನೆಯೂ ಅಲ್ಲಿದೆ. ವಿಕ್ಟೋರಿಯಾ ರಾಣಿಯ ಕಾಲ ನಮ್ಮ ಕರಾವಳಿಯ ಮನೆಯನ್ನು ಮುಟ್ಟಿದ್ದು ಮುಖ್ಯವಾಗಿ ಮಾಡಿನಿಂದ, ಅದೂ ಈ ಮಿಷನಿನ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಳೆಗಾಲಕ್ಕೆ ಮುಂಚೆ ಮುಳಿಹುಲ್ಲು ಹೊದೆಸುತ್ತಿದ್ದ ಮನೆಗಳು ಒಂದೊಂದಾಗಿ ಕೆಂಪು ಹಂಚಿಗೆ ತಿರುಗಿದವು. ಆ ಹಂಚು ಹಡಗು ಹತ್ತಿ ದೂರದ ದೇಶಗಳಿಗೂ ಹೋಯಿತು.

ಗದ್ದೆ, ಬಾವಿ, ದೈವದ ಗುಡಿಯನ್ನು ಬಿಟ್ಟು ಬಂದ ಮನೆ ಪೂರ್ತಿ ಮನೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬಾಣಂತಿಯ ಕೋಣೆಯೂ ಭತ್ತದ ಕಣಜವೂ ಅಲ್ಲಿ ಬರಿದಾಗಿಯೇ ಇರುತ್ತವೆ. ಆದರೂ ನಾನು ಶೆಣೈಯವರ ಪಕ್ಷವೇ. ನಿಂತಲ್ಲೇ ಉಳಿಸುವವರು ಯಾರೂ ಇರಲಿಲ್ಲ. ಇದ್ದದ್ದು ಗುಜರಿಯವನ ಲಾರಿ ಮಾತ್ರ. ಶೆಣೈಯವರು 2017ರಲ್ಲಿ ತೀರಿಕೊಂಡರು. ಮನೆಗಳನ್ನು ಟ್ರಸ್ಟು ನೋಡಿಕೊಳ್ಳುತ್ತಿದೆ. ರಜೆಗೆ ಊರಿಗೆ ಹೋಗುವವರು ಮಕ್ಕಳನ್ನು ಕರೆದುಕೊಂಡು ಹೋಗಿ ಅರ್ಧ ದಿನ ಅಲ್ಲಿ ಕಳೆಯಿರಿ.